ಹೇಳಿ ಸಾರ್, ಅರ್ಜೆಂಟ್ ಇಲ್ಲ

ತಾಳ್ಮೆಯ ಬಗ್ಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಪ್ರಸಂಗಗಳಿಗೆ ಕೊರತೆ ಇಲ್ಲ. ಯೋಬನ ತಾಳ್ಮೆ, ಅಬ್ರಹಾಮನ ತಾಳ್ಮೆ, ಗಲಾತ್ಯದವರಿಗೆ ಪೌಲ ಬರೆದ ಪತ್ರಿಕೆಯ ದೀರ್ಘಶಾಂತಿ. ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದೇನೆ. ಸಂಡೇ ಸ್ಕೂಲಿನಲ್ಲಿ ಮಕ್ಕಳನ್ನು ಕೂರಿಸಿ ನಾನೇ ಹೇಳಿಕೊಟ್ಟದ್ದೂ ಉಂಟು. ಆದರೆ ಈ ಪ್ರಸಂಗಗಳೆಲ್ಲ ತಾಳಿಕೊಳ್ಳಬೇಕಾದವರಿಗೆ ಹೇಳುವಂಥವು. ಯಾರನ್ನು ತಾಳಿಕೊಳ್ಳಬೇಕೋ, ಯಾರ ಸಲುವಾಗಿ ಮನೆಮಂದಿಯೆಲ್ಲ ನಿಧಾನ ಆಗಬೇಕೋ, ಅವನಿಗೆ ಯಾರೂ ಏನೂ ಹೇಳುವುದಿಲ್ಲ. ನಾನೀಗ ಆ ಗುಂಪಿಗೆ ಸೇರಿದವನು. ಅಲ್ಲಿಂದ ಬರೆಯುತ್ತಿದ್ದೇನೆ. ಎಡಗೈ ಹೆಬ್ಬೆರಳಲ್ಲಿ, ಮೊಬೈಲಿನಲ್ಲಿ. ತಪ್ಪಿದ ಅಕ್ಷರ, ಬಿಟ್ಟುಹೋದ ಪದ ಎಲ್ಲ ಮಗಳು ನನ್ನನ್ನು ಕೇಳಿ ಕೇಳಿ ಸರಿಮಾಡಿದ್ದಾಳೆ.

ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಸೂಪರ್‌ವೈಸರ್ ಆಗಿ ರಿಟೈರ್ ಆದವನು ನಾನು. ಅಲ್ಲಿ ಮಾತಾಡಬೇಕು ಅಂದರೆ ಕೂಗಲೇಬೇಕು. ಆ ಅಭ್ಯಾಸ ಮನೆಗೂ ಬಂತು, ಸಭೆಗೂ ಬಂತು. ಭಾನುವಾರ ನಾನು ವೇದಪಾಠ ಓದುವುದಾದರೆ ಮೈಕ್ ಆಫ್ ಮಾಡಬಹುದು ಅಂತ ಯೌವನಸ್ಥರ ಸಂಘದ ಹುಡುಗರು ತಮಾಷೆ ಮಾಡುತ್ತಿದ್ದರು. ಮನೆ ಕೂಟಗಳಲ್ಲಿ ನಾನು ಪ್ರಾರ್ಥನೆಗೆ ನಿಂತರೆ ಒಳಗೆ ಮಾಡಿಟ್ಟ ಕಾಫಿ ಆರಿಹೋಗುತ್ತಿತ್ತಂತೆ. ಇದನ್ನು ನನ್ನ ಹೆಂಡತಿ ಈಗ ಹೇಳುತ್ತಾಳೆ. ಆಗ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ಬಲಗೈಯಲ್ಲಿ ಬ್ರಷ್ ನಿಲ್ಲಲಿಲ್ಲ. ಹೆಂಡತಿಯನ್ನು ಕರೆಯಲು ಬಾಯಿ ತೆರೆದೆ. ಏನೋ ಸದ್ದು ಬಂತು, ಹೆಸರು ಬರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಅಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಆದರೆ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನನಗೆ ನಿದ್ದೆಯಲ್ಲೇ ಆಗಿತ್ತು. ಯಾವಾಗ ಅಂತ ಯಾರಿಗೆ ಗೊತ್ತು? ಹಾಗಾಗಿ ಮಾತ್ರೆ, ಡ್ರಿಪ್, ಕಾಯುವುದು ಇಷ್ಟೇ ಉಳಿಯಿತು.

ಕಾಲು ಬೇಗ ಸುಧಾರಿಸಿತು. ಕೈ ಅರ್ಧ. ಮಾತು ಮಾತ್ರ ಹೋಯಿತು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಗಂಟಲು, ನಾಲಗೆ ಕೆಟ್ಟಿರುವುದಿಲ್ಲ. ತಲೆಯೂ ಕೆಟ್ಟಿರುವುದಿಲ್ಲ. ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಅಂತ ನನಗೆ ಬಹಳಮಟ್ಟಿಗೆ ತಿಳಿಯುತ್ತಿತ್ತು. ಏನು ಹೇಳಬೇಕು ಅನ್ನುವುದೂ ಗೊತ್ತಿತ್ತು. ಆ ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ವರ್ಕ್‌ಶಾಪಿನ ಸ್ಟೋರಿನಲ್ಲಿ ಸ್ಪ್ಯಾನರ್ ಕೇಳಿದರೆ ಕೌಂಟರಿನವನು ಗ್ರೀಸ್ ಡಬ್ಬಿ ತಂದು ಕೊಟ್ಟ ಹಾಗೆ. ಬೇಡ ಅಂದರೆ ಇನ್ನೊಂದು ಗ್ರೀಸ್ ಡಬ್ಬಿ.

ನೋಡಲು ಬಂದವರಲ್ಲಿ ಅರ್ಧ ಜನ ಜೋರಾಗಿ ಮಾತಾಡುತ್ತಿದ್ದರು. ಕಿವಿ ಕೇಳಿಸುತ್ತದೆ ಅಂತ ಹೇಳಲು ನನಗೆ ಬಾಯಿಲ್ಲ. ಇನ್ನರ್ಧ ಜನ ನನ್ನ ಹಾಸಿಗೆ ಪಕ್ಕದಲ್ಲೇ ನಿಂತು ಹೆಂಡತಿಯನ್ನು ಕೇಳುತ್ತಿದ್ದರು, "ಇವರಿಗೆ ನಾವು ಯಾರು ಅಂತ ಗೊತ್ತಾಗುತ್ತಾ?"

ನಮ್ಮ ಸಭೆಯ ಅಯ್ಯನವರು ವಾರ್ಡಿಗೆ ಬಂದರು. ಕೀರ್ತನೆ 23 ಓದಿದರು, ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ಕೊನೆಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರು. ನಾನೂ ಶುರು ಮಾಡಿದೆ. ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ. ನಿನ್ನ ರಾಜ್ಯವು ಬರಲಿ. ಒಂದು ಅಕ್ಷರ ತಪ್ಪಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿ ನಿಂತೇಬಿಟ್ಟಳು. ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು. ಆಮೆನ್ ತನಕ ಹೇಳಿದೆ. ಪಕ್ಕದ ಬೆಡ್ಡಿನವರೂ ಎದ್ದು ಕೂತಿದ್ದರು. ಅಳು ಬಂತು ಎಲ್ಲರಿಗೂ. "ಸ್ತೋತ್ರ, ಸ್ತೋತ್ರ" ಅಂದರು ನಮ್ಮ ಅತ್ತೆ.

ನನಗೆ ಬಾಯಾರಿಕೆ ಆಗಿತ್ತು. ನೀರು ಕೇಳಲು ಹೋದೆ. "ಗಡಿಯಾರ" ಅಂದೆ.

ಹೆಂಡತಿ ಗೋಡೆ ನೋಡಿ ಟೈಮ್ ಹೇಳಿದಳು. ನಾನು ಇಲ್ಲ ಅಂತ ತಲೆಯಾಡಿಸಿ ಮತ್ತೆ "ಗಡಿಯಾರ" ಅಂದೆ. ಅವಳು ತನ್ನ ವಾಚು ಬಿಚ್ಚಿ ಕೈಗೆ ಕೊಟ್ಟಳು. ಆಗ ನನ್ನ ಬಾಯಿಂದ ಸ್ಪಷ್ಟವಾಗಿ, ಪೂರ್ತಿಯಾಗಿ, ವರ್ಕ್‌ಶಾಪಿನ ಹಳೆಯ ಬೈಗುಳ ಒಂದು ಬಂತು. ಅಯ್ಯನವರು ಇನ್ನೂ ಬಾಗಿಲು ದಾಟಿರಲಿಲ್ಲ. ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರುತ್ತದೆ ಅಂತ ಯಾಕೋಬ ತನ್ನ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಬರೆದಿದ್ದಾನೆ, ಅಲ್ವಾ? ಅವನು ಅದನ್ನು ಗದರಿಸಿ ಬರೆದದ್ದು. ಅಯ್ಯನವರು ಮಾತ್ರ ತಿರುಗಿ ಬಂದು, ಮೇಜಿನ ಮೇಲಿದ್ದ ಬಾಟಲಿ ತೆಗೆದು, "ಇದಾ?" ಅಂದರು.

ಇದರ ಕಾರಣ ಆಮೇಲೆ ಗೊತ್ತಾಯಿತು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಊರಿನವರು 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುತ್ತಾರೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. ನನಗೆ ಆಟೋದಲ್ಲಿ ಹೋಗಿಬರುವ ದೂರ. ಅಲ್ಲಿಯ ಮೇಡಂ ಬಿಡಿಸಿ ಹೇಳಿದರು. ಹೊಸದಾಗಿ ಪದ ಹುಡುಕಿ ವಾಕ್ಯ ಕಟ್ಟುವುದು ಒಂದು ಕೆಲಸ. ಬಾಯಿಪಾಠ ಆಗಿರುವುದು ತಾನಾಗಿ ಹೊರಗೆ ಬರುವುದು ಬೇರೆ ಕೆಲಸ. ಒಂದು ಎರಡು ಮೂರು, ಭಾನುವಾರ ಸೋಮವಾರ, ಹಾಡು, ಪ್ರಾರ್ಥನೆ, ಬೈಗುಳ ಎಲ್ಲ ಎರಡನೇ ಗುಂಪಿಗೆ ಸೇರಿದವು. ಮೊದಲನೆಯದು ಹೋದರೂ ಎರಡನೆಯದು ಎಷ್ಟೋ ಸಲ ಉಳಿಯುತ್ತದೆ. 1861ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೋಕಾ ಅನ್ನುವ ಡಾಕ್ಟರು ಒಬ್ಬ ರೋಗಿಯನ್ನು ನೋಡಿದರಂತೆ. ಏನು ಕೇಳಿದರೂ ಅವನು "ತಾನ್" ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಮೆದುಳು ಪರೀಕ್ಷಿಸಿದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಮಾತಿಗೂ ಆ ಜಾಗಕ್ಕೂ ಸಂಬಂಧ ಇದೆ ಅನ್ನುವುದು ಗಟ್ಟಿಯಾದದ್ದು ಹೀಗೆ. ಆ ಮನುಷ್ಯನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವನಿಗೆ ನೀರು ಬೇಕಾದಾಗ ಏನು ಮಾಡುತ್ತಿದ್ದನೋ.

ಹಾಗಾದರೆ ವಾರ್ಡಿನಲ್ಲಿ ನಡೆದದ್ದು ಪವಾಡ ಅಲ್ಲ ಅಂತಾಯಿತು. ನಮ್ಮ ಅತ್ತೆಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ. ಬಾಯಿಪಾಠದ ಪ್ರಾರ್ಥನೆ ಬರೀ ತುಟಿಯ ಪ್ರಾರ್ಥನೆ, ಹೃದಯದಿಂದ ಸ್ವಂತ ಮಾತಲ್ಲಿ ಮಾಡಿದ್ದೇ ನಿಜವಾದ ಪ್ರಾರ್ಥನೆ ಅಂತ ಮನೆ ಕೂಟಗಳಲ್ಲಿ ಬಹಳ ಜನ ಹೇಳುತ್ತಾರೆ. ನನ್ನ ಸ್ವಂತ ಮಾತೆಲ್ಲ ಹೋದಾಗ ಉಳಿದದ್ದು ನಮ್ಮಜ್ಜಿ ಮಲಗುವ ಮುಂಚೆ ಹೇಳಿಸುತ್ತಿದ್ದ ಆ ನಾಲ್ಕು ಸಾಲು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನ, ಅದನ್ನು ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಆದರೆ ವಿಮೋಚನಕಾಂಡದ ಅದೇ 16ನೇ ಅಧ್ಯಾಯದ ಕೊನೆಗೆ ನೋಡಿ, ಒಂದು ಪಾತ್ರೆಯಷ್ಟನ್ನು ಮಾತ್ರ ಮುಂದಿನ ಸಂತತಿಯವರಿಗಾಗಿ ಇಡಬೇಕು ಅಂತ ಅಪ್ಪಣೆ ಆಗುತ್ತದೆ. ಅದು ಕೆಡಲಿಲ್ಲ.

ಥೆರಪಿ ಅಂದರೆ ಹೀಗೆ. ಮೇಜಿನ ಮೇಲೆ ಬಾಚಣಿಗೆ, ಚಮಚ, ಬೀಗ, ಪೆನ್ನು. "ಬಾಚಣಿಗೆ ತೋರಿಸಿ." ತೋರಿಸುತ್ತೇನೆ. "ಇದೇನು?" ಗೊತ್ತು. ದಿನಾ ತಲೆ ಬಾಚಿಕೊಳ್ಳುವ ವಸ್ತು. ಬಾಯಲ್ಲಿ ಬರುವುದು "ಚ... ಚ... ಚಪ್ಪಲಿ." ನನಗೆ ಕಲಿಸಲು ಕೂತದ್ದು ಅಲ್ಲೇ ಓದುತ್ತಿದ್ದ ಕೇರಳದ ಹುಡುಗಿ. ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತವಳು. ಅವಳಿಗೂ ಕನ್ನಡ ಕಷ್ಟ, ನನಗೂ ಕನ್ನಡ ಕಷ್ಟ. ಒಂದು ದಿನ ಅವಳು ಕೊಡೆಯ ಚಿತ್ರ ತೋರಿಸಿ, ನಾನು ತಡವರಿಸುವುದನ್ನು ನೋಡಿ ಸಹಾಯಕ್ಕೆ ಅಂತ ಮೊದಲ ಅಕ್ಷರ ಹೇಳಿಕೊಟ್ಟಳು. "ಕು..." ಮಲಯಾಳದಲ್ಲಿ ಕುಡ. ನಾನು ಹಠ ಹಿಡಿದು "ಕೊ, ಕೊ, ಕೊಡೆ" ಅಂದೆ. ಅವಳು ನಾಲಗೆ ಕಚ್ಚಿಕೊಂಡು ನಕ್ಕಳು. ಲಕ್ವ ಹೊಡೆದ ಮೇಲೆ ನಾನು ಒಬ್ಬರ ಮಾತು ತಿದ್ದಿದ್ದು ಅದೇ ಮೊದಲು. ಮನೆಗೆ ಬರುವಾಗ ಆಟೋದಲ್ಲಿ ಎದೆ ಉಬ್ಬಿಸಿ ಕೂತಿದ್ದೆ.

ಆ ಹುಡುಗಿ ಕಾಯುತ್ತಿದ್ದಳು. ಸುಮ್ನೆ ಕಾಯುವುದಲ್ಲ. ಮುಖ ನನ್ನ ಕಡೆ ಇರುತ್ತಿತ್ತು. ಹುಬ್ಬು ಮೇಲೇರುತ್ತಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿರಲಿಲ್ಲ. ಮೂರನೇ ಸಲವೂ ಚಪ್ಪಲಿ ಅಂದರೆ, ಮೊದಲನೇ ಸಲ ಕೇಳಿದ ಹಾಗೇ "ಇನ್ನೊಮ್ಮೆ ನೋಡೋಣ ಅಂಕಲ್" ಅನ್ನುತ್ತಿದ್ದಳು. ಮಾತು ಬಾರದವನಿಗೆ ಎದುರಿನವರ ಮುಖ ಓದುವ ಅಭ್ಯಾಸ ಜಾಸ್ತಿ ಆಗುತ್ತದೆ. ಯಾರ ತಾಳ್ಮೆ ಯಾವ ಕ್ಷಣಕ್ಕೆ ಮುಗಿಯಿತು ಅಂತ ನನಗೆ ಗೊತ್ತಾಗುತ್ತದೆ. ಅವಳದ್ದು ಮುಗಿದದ್ದು ನಾನು ನೋಡಲಿಲ್ಲ. ಅದು ಅವಳ ಕೆಲಸ, ಸರಿ. ಆದರೂ.

ಹಾಡಿನ ದಾರಿಯೊಂದನ್ನೂ ಹಿಡಿಸಿದರು. 1973ರಲ್ಲಿ ಅಮೆರಿಕದ ಬಾಸ್ಟನ್ ಕಡೆಯ ತಜ್ಞರು ಬರೆದು ತಿಳಿಸಿದ ವಿಧಾನವಂತೆ. ಬೇಕಾದ ಮಾತನ್ನು ರಾಗವಾಗಿ ಎಳೆಯುವುದು, ಒಂದೊಂದು ಅಕ್ಷರಕ್ಕೂ ಎಡಗೈಯಿಂದ ತಟ್ಟುವುದು. ನೀ-ರು ಬೇ-ಕು. ಕಾ-ಫಿ ಕೊ-ಡು. ಸಭೆಯಲ್ಲಿ ಹಾಡಿ ಹಾಡಿ ಅಭ್ಯಾಸ ಇದ್ದವನಿಗೆ ಇದು ಒಗ್ಗಿತು. ಮನೆಯಲ್ಲಿ ಊಟದ ಮೇಜು ತಟ್ಟಿ ತಟ್ಟಿ ಸಾರು ಕೇಳುತ್ತಿದ್ದೆ. ಕೆಳಗಿನ ಮನೆಯವರು ಏನಂದುಕೊಂಡರೋ.

ಈ ನಡುವೆ ಒಬ್ಬರು ಬಂದರು. ನಮ್ಮ ಸಭೆಯವರಲ್ಲ, ಪರಿಚಯದವರ ಜೊತೆ ಬಂದವರು. ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿ, "ಈಗ ನಂಬಿಕೆಯಿಂದ ಯೇಸು ಅನ್ನಿ" ಅಂದರು. ಬರಲಿಲ್ಲ. ಮತ್ತೆ ಹೇಳಿಸಿದರು. ಹೇಳು ಅಂದಾಗ ಬರುವ ಕಾಯಿಲೆಯಲ್ಲ ಇದು. ಹೇಳು ಅಂದಷ್ಟೂ ಬಿಗಿಯುತ್ತದೆ. ಅವರು ಹೊರಗೆ ಹೋಗಿ ಹೆಂಡತಿಗೆ, ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯೇ ನೋಡಿಕೊಳ್ಳಿ ಅಂದರಂತೆ. ಕಿವಿ ಕೇಳಿಸುತ್ತದೆ ನನಗೆ.

ಆ ವಾರ ಥೆರಪಿಗೆ ಹೋಗಲಿಲ್ಲ. ಊಟ ಸೇರಲಿಲ್ಲ. ಅಯ್ಯನವರಿಗೆ ಯಾರು ಹೇಳಿದರೋ, ಬಂದರು. ಪ್ರಸಂಗ ಮಾಡಲಿಲ್ಲ. ಮಾರ್ಕನ ಸುವಾರ್ತೆ ಎಂಟನೇ ಅಧ್ಯಾಯ ತೆಗೆದು, ಬೇತ್ಸಾಯಿದದ ಕುರುಡನ ಕಥೆ ಓದಿದರು. ಯೇಸು ಆ ಕುರುಡನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗುತ್ತಾನೆ. ಕಣ್ಣಿಗೆ ಉಗುಳಿ ಕೈಯಿಟ್ಟು, ಏನಾದರೂ ಕಾಣುತ್ತಾ ಅನ್ನುತ್ತಾನೆ. ಜನ ಕಾಣುತ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಕಾಣುತ್ತಾರೆ ಅನ್ನುತ್ತಾನೆ ಅವನು. ಯೇಸು ಎರಡನೇ ಸಲ ಕೈಯಿಡುತ್ತಾನೆ. ಆಗ ಎಲ್ಲ ಸ್ಪಷ್ಟವಾಗುತ್ತದೆ. ಓದಿ ಮುಗಿಸಿ ಅಯ್ಯನವರು ಹೇಳಿದ್ದು ಇಷ್ಟೇ: "ಕರ್ತನೇ ಎರಡು ಸಲ ಮುಟ್ಟಬೇಕಾಯ್ತು. ಅರ್ಧ ಕಂಡದ್ದಕ್ಕೆ ಅವನನ್ನು ಬೈಲಿಲ್ಲ."

ಐವತ್ತು ವರ್ಷ ಸತ್ಯವೇದ ಓದಿದ್ದೇನೆ. ಆ ಎರಡನೇ ಸಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ ಆ ಕುರುಡನೂ ಗಟ್ಟಿಗ. ಬಂದ ಜನರ ಮುಂದೆ ಮಾನ ಉಳಿಸಲು "ಕಾಣ್ತಿದೆ, ಚೆನ್ನಾಗಿ ಕಾಣ್ತಿದೆ" ಅನ್ನಬಹುದಿತ್ತು. ಮಾರನೇ ವಾರ ಥೆರಪಿಗೆ ಹೋದೆ.

ಹೆಂಡತಿಯ ವಿಷಯ ಹೇಳದಿದ್ದರೆ ಆಗದು. ಮೋಶೆ ತನ್ನ ನಾಲಗೆ ಮಂದ ಅಂದಾಗ ದೇವರು ಅಣ್ಣ ಆರೋನನನ್ನು ಬಾಯಾಗಿ ಕೊಟ್ಟ. ನನಗೆ ಕೊಟ್ಟ ಆರೋನ ಇವಳು. ಫೋನ್, ಬ್ಯಾಂಕ್, ಪಿಂಚಣಿಯ ಜೀವಿತ ಪ್ರಮಾಣಪತ್ರ, ಡಾಕ್ಟರು, ಎಲ್ಲ ಕಡೆ ಇವಳೇ ಮಾತು. ತೊಂದರೆ ಏನೆಂದರೆ ಈ ಆರೋನನಿಗೆ ಅವಸರ. ನಾನು "ನಾ..." ಅನ್ನುವಷ್ಟರಲ್ಲಿ "ನಾಳೆನಾ? ನಾಯಿಗೆ ಅನ್ನನಾ? ನಾಗರಹೊಳೆನಾ?" ಅಂತ ಮೂರು ಪದ ಮುಂದಿಡುತ್ತಾಳೆ. ಆ ಮೂರರಲ್ಲಿ ನನ್ನದು ಇರುವುದಿಲ್ಲ, ಬಂದ ಪದವೂ ಓಡಿಹೋಗಿರುತ್ತದೆ. ನನಗೆ ಸಿಟ್ಟು ಬರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಕುಕ್ಕುತ್ತಿದ್ದೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಲ್ಲಿ ಶಬ್ದ ಕೇಳಿದರೆ ನನಗೆ ತಿಳಿಯುತ್ತಿತ್ತು.

ಭಾನುವಾರ ಆರಾಧನೆ ಮುಗಿಸಿ ಬಂದಾಗ ಅವಳು ಬಹಳ ಶಾಂತವಾಗಿ ಇರುತ್ತಿದ್ದಳು. ಬುಧವಾರದ ಹೊತ್ತಿಗೆ ಮುಗಿದಿರುತ್ತಿತ್ತು. ಒಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅವಳೇ ಜೋರಾಗಿ ಅಂದಳು: "ಕರ್ತನೇ, ವಾರಕ್ಕಾಗುವಷ್ಟು ಕೊಡು ಅಂತ ಕೇಳಿದ್ದು ಸಾಕಾಯ್ತು. ಬೆಳಿಗ್ಗೆ ತಿಂಡಿ ಆಗೋವರೆಗೆ ಸಾಲುವಷ್ಟು ಕೊಡು. ತಿಂಡಿ ಆದ್ಮೇಲೆ ಮತ್ತೆ ಕೇಳ್ತೀನಿ." ನಾನು ಕಣ್ಣು ಬಿಟ್ಟು ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಅಂದಿನಿಂದ ಅವಳು ಹಾಗೇ ಮಾಡುತ್ತಾಳೆ. ಇಡ್ಲಿ ಪಾತ್ರೆ ಇಳಿಸಿ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಮಧ್ಯಾಹ್ನ ಮಾತ್ರೆ ಕೊಡುವ ಮುಂಚೆ ಒಂದು ಕ್ಷಣ. ಕೇಳಿದರೆ "ರೇಷನ್" ಅನ್ನುತ್ತಾಳೆ. ನನಗೆ ಬಂದ ತಾಳ್ಮೆ ಎಷ್ಟು ಅಂತ ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಅವಳಿಗೆ ಬಂದದ್ದನ್ನು ಮಾತ್ರ ಹತ್ತಿರದಿಂದ ನೋಡಿದ್ದೇನೆ. ಅದರಲ್ಲೇ ಬದುಕುತ್ತಿದ್ದೇನೆ.

ಹೊರಗೆ ಹೋಗಿ ಮಾತಾಡಬೇಕು, ಅದೇ ನಿಜವಾದ ಥೆರಪಿ ಅಂದರು ಮೇಡಂ. ಹಾಲಿನ ಬೂತಿಗೆ ಹೋಗಿ ಹಾಲು ತರುವುದು ನನಗೆ ಕೊಟ್ಟ ಹೋಂವರ್ಕ್. ಚೀಟಿ ಕೊಡುವ ಹಾಗಿಲ್ಲ, ಬೆರಳು ತೋರಿಸುವ ಹಾಗಿಲ್ಲ. ಅರ್ಧ ಲೀಟರ್ ನೀಲಿ ಪ್ಯಾಕೆಟ್, ಒಂದು ಮೊಸರು. ಬೆಳಗಿನ ಹೊತ್ತು ಬೂತಿನ ಮುಂದೆ ಎಷ್ಟು ಅವಸರ ಇರುತ್ತದೆ ನಿಮಗೆ ಗೊತ್ತು. ಸ್ಕೂಲಿಗೆ ಮಕ್ಕಳನ್ನು ಬಿಡುವವರು, ವಾಕಿಂಗ್ ಮುಗಿಸಿದವರು, ಹೋಟೆಲಿನ ಹುಡುಗರು. ನನ್ನ ಸರದಿ ಬಂತು. "ಅ..." ಅಂದೆ. ಮುಂದಕ್ಕೆ ಹೋಗಲಿಲ್ಲ. ಎಡಗೈ ತೊಡೆ ಮೇಲೆ ತಟ್ಟಿದೆ. "ಅ... ಅ..." ಹಿಂದೆ ಯಾರೋ "ಏನ್ ಸಾರ್ ಬೇಗ" ಅಂದರು. ಸ್ಕೂಟರಿನ ಹಾರ್ನ್ ಆಯಿತು. ಬೆವರಿತು. ವಾಪಸ್ ಹೋಗೋಣ ಅಂತ ಒಂದು ಕಾಲು ಹಿಂದಿಟ್ಟೆ ಕೂಡ.

ಬೂತಿನವನು ಕ್ರೇಟಿನ ಮೇಲೆ ಎರಡೂ ಕೈ ಊರಿ ನಿಂತ. ಹಿಂದಿನವನಿಗೆ ಕೊಡಲು ಕೈ ಚಾಚಲಿಲ್ಲ. ನನ್ನ ಮುಖ ನೋಡಿ, "ಹೇಳಿ ಸಾರ್, ನಿಧಾನಕ್ಕೆ ಹೇಳಿ, ಅರ್ಜೆಂಟ್ ಇಲ್ಲ" ಅಂದ. ಅರ್ಜೆಂಟ್ ಇತ್ತು. ಅವನ ಮುಂದೆ ಸಾಲೇ ಇತ್ತು. ಹಣೆಗೆ ಅಂಗಾರ ಅಕ್ಷತೆ ಇಟ್ಟ, ನನ್ನ ಮಗನ ವಯಸ್ಸಿನ ಹುಡುಗ. ನನ್ನ ಕಾಯಿಲೆ ಏನು ಅಂತಲೂ ಅವನಿಗೆ ಗೊತ್ತಿರಲಿಲ್ಲ. "ಅ-ರ್ಧ... ನೀ-ಲಿ" ಅಂತ ಹೊರಗೆ ಬಂತು. "ಒಂದು ಅರ್ಧ ಲೀಟರ್. ಆಮೇಲೆ?" ಅಂದ. "ಮೊ... ಮೊ..." "ಹೂಂ, ಹೇಳಿ." "ಮೊಸ-ರು."

ಕರ್ತನು ತಡಮಾಡುವುದಿಲ್ಲ, ನಮ್ಮ ವಿಷಯದಲ್ಲಿ ದೀರ್ಘಶಾಂತಿಯಿಂದ ಇದ್ದಾನೆ ಅಂತ ಪೇತ್ರನ ಎರಡನೇ ಪತ್ರಿಕೆಯಲ್ಲಿ ಇದೆ. ಅದನ್ನು ನಾನು ಯಾವಾಗಲೂ ಕೋಪ ಅದುಮಿಕೊಂಡು ಕೂತ ನ್ಯಾಯಾಧಿಪತಿಯ ಚಿತ್ರದಲ್ಲಿ ಓದುತ್ತಿದ್ದೆ. ಶಿಕ್ಷೆ ಕೊಡಬೇಕು, ಇನ್ನೂ ಕೊಟ್ಟಿಲ್ಲ, ಅಷ್ಟೇ. ಈಗ ಆ ವಚನ ಓದಿದರೆ ಕ್ರೇಟಿನ ಮೇಲೆ ಕೈ ಊರಿ ನಿಂತವನ ಮುಖ ಎದುರಿಗೆ ಬರುತ್ತದೆ. ಇದು ಸರಿಯಾದ ವ್ಯಾಖ್ಯಾನವೋ ಅಲ್ಲವೋ, ದೇವಜ್ಞಾನ ಶಾಲೆಯಲ್ಲಿ ಓದಿದವರು ಹೇಳಲಿ.

ಸಭೆಗೆ ಹೋಗಲು ಮಾತ್ರ ಬಹಳ ದಿನ ಹಿಂಜರಿದೆ. ಅಲ್ಲಿ ನನ್ನ ದನಿ ಎಲ್ಲರಿಗೂ ಗೊತ್ತಿತ್ತು. ಹೋದ ದಿನ ಕೊನೆಯ ಬೆಂಚಿನಲ್ಲಿ ಕೂತೆ. ನಮ್ಮ ದಕ್ಷಿಣ ಭಾರತ ಸಭೆಯ ಪವಿತ್ರ ಸಂಸ್ಕಾರದ ಕ್ರಮದಲ್ಲಿ ಸಮಾಧಾನ ಹಂಚುವುದು ಅಂತ ಒಂದಿದೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಒಂದಾದ ಮೇಲೆ ಹೊಸ ಆರಾಧನಾ ಕ್ರಮ ಬರೆದಾಗ, ಕೇರಳದ ಸುರಿಯಾನಿ ಸಭೆಗಳ ಪದ್ಧತಿಯಿಂದ ತೆಗೆದುಕೊಂಡದ್ದು. ಬಲಿಪೀಠದ ಕಡೆಯಿಂದ ಕೈಯಿಂದ ಕೈಗೆ ಬರುತ್ತದೆ. ಒಬ್ಬರ ಬಲಗೈಯನ್ನು ಇನ್ನೊಬ್ಬರು ಎರಡೂ ಕೈಗಳ ನಡುವೆ ತೆಗೆದುಕೊಳ್ಳುತ್ತಾರೆ. ನನ್ನ ಬಲಗೈ ಬೆರಳು ಮಡಚಿಕೊಂಡು ತೊಡೆ ಮೇಲೆ ಬಿದ್ದಿತ್ತು. ಎಡಗೈ ಚಾಚಿದೆ. ಪಕ್ಕದಲ್ಲಿದ್ದ ಹಿರಿಯರು ಎಡಗೈ ಬಿಟ್ಟು, ಬಗ್ಗಿ, ಆ ಬಲಗೈಯನ್ನೇ ಎತ್ತಿಕೊಂಡು, ಬೆರಳು ಒಂದೊಂದಾಗಿ ಬಿಡಿಸಿ, ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡರು. ಮುಂದಿನ ಸಾಲುಗಳಲ್ಲಿ ಎಲ್ಲ ಮುಗಿದು ಕಾಣಿಕೆಯ ಹಾಡು ಶುರುವಾಗಿತ್ತು. ಅವರು ಅವಸರ ಮಾಡಲಿಲ್ಲ.

ಜನವರಿಯ ಮೊದಲ ಭಾನುವಾರ ನಮ್ಮಲ್ಲಿ ಒಡಂಬಡಿಕೆಯ ಆರಾಧನೆ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನರಿಗಳು ಕಟ್ಟಿದ ಸಭೆಗಳಿಗೆ ಇದು ಹಳೆಯ ಬಳುವಳಿ. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ಎಲ್ಲರೂ ಒಟ್ಟಾಗಿ ಒಂದು ಪ್ರಾರ್ಥನೆ ಹೇಳುತ್ತೇವೆ. ನಾನಿನ್ನು ನನ್ನವನಲ್ಲ, ನಿನ್ನವನು. ನಿನಗೆ ಬೇಕಾದ ಕೆಲಸಕ್ಕೆ ಹಚ್ಚು, ಬೇಕಾದರೆ ಕಷ್ಟಕ್ಕೆ ಒಪ್ಪಿಸು. ನಿನಗಾಗಿ ದುಡಿಸು, ಇಲ್ಲವೇ ನಿನಗಾಗಿ ಬದಿಗಿಡು. ಅದರ ಅರ್ಥ ಹೀಗೆ. ಪ್ರತಿ ವರ್ಷ ದೊಡ್ಡ ದನಿಯಲ್ಲಿ ಹೇಳಿದ್ದೇನೆ. ಬದಿಗಿಡು ಅನ್ನುವ ಕಡೆ ಒಂದು ಸಲವೂ ನಿಲ್ಲಲಿಲ್ಲ. ರಿಟೈರ್ ಆದ ವರ್ಷ ಕೂಡ.

ಲಕ್ವ ಹೊಡೆದ ಮೇಲಿನ ಮೊದಲ ಜನವರಿ ಆ ಪ್ರಾರ್ಥನೆ ನನ್ನ ಬಾಯಿಗೆ ಬರಲಿಲ್ಲ. ಪರಲೋಕದಲ್ಲಿರುವ ತಂದೆ ದಿನಾ ಹೇಳಿದ್ದು, ಉಳಿದಿತ್ತು. ಇದು ವರ್ಷಕ್ಕೆ ಒಂದು ಸಲ ಹೇಳಿದ್ದು, ಉಳಿದಿರಲಿಲ್ಲ. ಪುಸ್ತಕ ಹಿಡಿದರೆ ಸಾಲು ಓಡಿಹೋಗುತ್ತಿತ್ತು. ಸುಮ್ಮನೆ ನಿಂತು ಕೇಳಿದೆ. ಸುತ್ತಲೂ ಎಲ್ಲರೂ ಹೇಳುತ್ತಿದ್ದರು. ಬದಿಗಿಡು ಅನ್ನುವ ಮಾತು ಬಂತು, ಹೋಯಿತು. ಹೆಂಡತಿಯ ದನಿ ಅಲ್ಲಿ ಸ್ವಲ್ಪ ಸಣ್ಣಗಾಯಿತು. ಕೊನೆಗೆ ಎಲ್ಲರೂ ಆಮೆನ್ ಅಂದರು. ನನ್ನದು ಆಗಲಿಲ್ಲ. "ಆ..." ಅಲ್ಲೇ ನಿಂತಿತ್ತು. ಇಡೀ ಗುಡಿ ನಿಶ್ಶಬ್ದ. ಕೊನೆಯ ಬೆಂಚಿನಿಂದ ನನ್ನ "ಆ... ಆ..." ಮಾತ್ರ. ಯಾರೂ ತಿರುಗಿ ನೋಡಲಿಲ್ಲ. ಅಯ್ಯನವರು ಪುಸ್ತಕದ ಹಾಳೆ ತಿರುಗಿಸಲು ಎತ್ತಿದ ಕೈ ಹಾಗೇ ಹಿಡಿದುಕೊಂಡಿದ್ದರು. "ಆ-ಮೆನ್" ಅಂತ ಬಂದ ಮೇಲೆ ಹಾಳೆ ತಿರುಗಿಸಿದರು.

ಈಗ ಚಿಕ್ಕ ಚಿಕ್ಕ ವಾಕ್ಯ ಬರುತ್ತದೆ. ಕ್ರಿಯಾಪದ ಕೈಕೊಡುತ್ತದೆ. ಕುಟುಂಬ ಪ್ರಾರ್ಥನೆಯಲ್ಲಿ ನನ್ನ ಸರದಿಯೂ ಇದೆ. "ಅಪ್ಪಾ. ಮಗಳು. ಪರೀಕ್ಷೆ. ಪಕ್ಕದ ಮನೆ ಅಜ್ಜಿ, ಕಾಲು. ಸ್ತೋತ್ರ." ಕಾಫಿ ಆರುವುದಿಲ್ಲ. ಮೊದಲಿನ ಉದ್ದ ಪ್ರಾರ್ಥನೆಗಳಲ್ಲಿ ದೇವರಿಗೆ ಎಷ್ಟು, ಕೂತವರಿಗೆ ಎಷ್ಟು ಅಂತ ಈಗ ಲೆಕ್ಕ ಹಾಕಲು ಹೋಗುವುದಿಲ್ಲ.

ನಿಮ್ಮ ಸಭೆಯಲ್ಲಿ, ಬೀದಿಯಲ್ಲಿ ನನ್ನಂಥವರು ಇದ್ದರೆ ಕೆಲವು ಮಾತು. ಅವರ ವಾಕ್ಯ ನೀವು ಮುಗಿಸಬೇಡಿ, ಅವರಾಗಿ ಸಹಾಯ ಕೇಳಿದರೆ ಮಾತ್ರ ಮೊದಲ ಅಕ್ಷರ ಕೊಡಿ. ಕಿರುಚಬೇಡಿ. ಟಿವಿ ಆರಿಸಿ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಎರಡನೆಯದು ಕೇಳಬೇಡಿ. ಹೌದು, ಇಲ್ಲ ಅನ್ನುವಂಥ ಪ್ರಶ್ನೆ ಸುಲಭ. ಅರ್ಥವಾಗದಿದ್ದರೆ ಅರ್ಥವಾದ ಹಾಗೆ ತಲೆಯಾಡಿಸಬೇಡಿ, ನಮಗೆ ಗೊತ್ತಾಗುತ್ತದೆ. ಹಾಡಿಸಿ. ಮನೆಯವರನ್ನು ಒಂದು ಗಂಟೆ ಹೊರಗೆ ಕಳಿಸಿ ನೀವು ಕೂತುಕೊಳ್ಳಿ. ನನ್ನ ಹೆಂಡತಿಗೆ ಹಾಗೆ ದೇವರಾಜ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿಬರಲು ಸಿಕ್ಕ ಮಧ್ಯಾಹ್ನಗಳು ಹತ್ತು ಪ್ರಾರ್ಥನಾ ಕೂಟಕ್ಕಿಂತ ಹೆಚ್ಚು ಕೆಲಸ ಮಾಡಿವೆ.

ಮೊನ್ನೆ ಸಭೆಯ ಕಾರ್ಯದರ್ಶಿ ಬಂದು, ಮುಂದಿನ ತಿಂಗಳು ಒಂದು ಭಾನುವಾರ ನೀವು ಓದಬೇಕು ಅಂದರು. ಆಗಲ್ಲ ಅಂತ ಕೈಯಾಡಿಸಿದೆ. ಅವರು ಬಿಡಲಿಲ್ಲ, ಕೀರ್ತನೆ 117 ಗುರುತು ಹಾಕಿಕೊಟ್ಟು ಹೋದರು. ಇಡೀ ಸತ್ಯವೇದದಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕ ಅಧ್ಯಾಯ. ಎರಡೇ ವಚನ. ಮೇಜು ತಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಎರಡನೇ ವಚನ ಪರವಾಗಿಲ್ಲ. ಮೊದಲನೆಯದರಲ್ಲಿ "ಜನಾಂಗ" ಸಿಕ್ಕಿಹಾಕಿಕೊಳ್ಳುತ್ತದೆ, ಎಷ್ಟೋ ಸಲ "ಜಮಖಾನ" ಆಗುತ್ತದೆ. ಆರೋನ ಪಕ್ಕದಲ್ಲಿ ಕೂತು ತುಟಿ ಬಿಗಿಹಿಡಿದುಕೊಂಡಿರುತ್ತಾಳೆ. ಆ ದಿನ ಸಭೆಗೆ ಬರುವವರು ಊಟ ಸ್ವಲ್ಪ ತಡ ಆಗುತ್ತದೆ ಅಂತ ಮನೆಯಲ್ಲಿ ಹೇಳಿ ಬನ್ನಿ.